ಗೋಡಂಬಿ ಎತ್ತಿಟ್ಟು ತಿಂದರೆ ಸಾಲದು

ಪ್ರಶ್ನೆ: ನನಗೆ 37 ವರ್ಷ, ಊರು ಮಂಡ್ಯ. ಗೋಡಂಬಿ, ಕಡ್ಲೆಬೀಜ ಎಲ್ಲ ತಿಂದೇ ಬೆಳೆದವಳು. ಹೋದ ವರ್ಷ ಒಂದು ನಾಮಕರಣದಲ್ಲಿ ಗೋಡಂಬಿ ಬರ್ಫಿ ತಿಂದ ಹತ್ತು ನಿಮಿಷಕ್ಕೆ ತುಟಿ ಊದಿತು, ಮೈಯೆಲ್ಲ ಗಂಧೆ ಎದ್ದಿತು. ಅತ್ತೆಯವರು ಪಿತ್ತ ಅಂತ ಕಂಬಳಿ ಹೊದಿಸಿ ಕೂರಿಸಿದರು, ಇಳಿಯಿತು. ಮೊನ್ನೆ ಮದುವೆಮನೆಯಲ್ಲಿ ಕೇಸರಿಬಾತಿನ ಗೋಡಂಬಿ ಎತ್ತಿಟ್ಟೇ ತಿಂದೆ. ಆದರೂ ವಾಂತಿಯಾಗಿ ಉಸಿರು ಕಟ್ಟಿದ ಹಾಗಾಯಿತು. ನರ್ಸಿಂಗ್ ಹೋಮ್‌ನಲ್ಲಿ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಗೆ ಮನೆಗೆ ಕಳಿಸಿದರು. ಈ ವಯಸ್ಸಿಗೆ ಹೊಸದಾಗಿ ಅಲರ್ಜಿ ಬರುತ್ತದಾ? ಹೋದ ಕಡೆಯೆಲ್ಲ ಬೇಡ ಅನ್ನೋಕೆ ಮುಜುಗರ ಆಗುತ್ತದೆ.

ಉತ್ತರ: ಬರುತ್ತದೆ. ನನಗೂ 41ಕ್ಕೆ ಬಂತು, ಕಡ್ಲೆಬೀಜಕ್ಕೆ. ಅಲ್ಲಿವರೆಗೆ ಪುಳಿಯೋಗರೆಯಲ್ಲಿ ಮೊದಲು ಹುಡುಕಿ ತಿನ್ನುತ್ತಿದ್ದದ್ದೇ ಅದನ್ನು. ಅಮೆರಿಕದಲ್ಲಿ 40,000ಕ್ಕೂ ಹೆಚ್ಚು ವಯಸ್ಕರನ್ನು ಕೇಳಿ ಮಾಡಿದ ಒಂದು ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಊಟದ ಅಲರ್ಜಿ ಇದ್ದವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ಒಂದಾದರೂ ಅಲರ್ಜಿ ದೊಡ್ಡವರಾದ ಮೇಲೆ ಶುರುವಾಗಿತ್ತು. ಹಾಗಾಗಿ "ಇಷ್ಟು ವರ್ಷ ತಿಂದಿದ್ದೀನಲ್ಲ" ಅನ್ನೋ ಮಾತನ್ನು ಮನಸ್ಸಿಂದ ತೆಗೆದುಹಾಕಿ.

ಮೊನ್ನೆ ಆದದ್ದು ಸಣ್ಣದಲ್ಲ. ಇದನ್ನು ಹೆದರಿಸೋಕೆ ಹೇಳುತ್ತಿಲ್ಲ. ಬರೀ ಗಂಧೆ ಎದ್ದರೆ ಒಂದು ಮಾತು, ವಾಂತಿಯ ಜೊತೆ ಉಸಿರೂ ಕಟ್ಟಿದರೆ ಅದು ಇಡೀ ಮೈಗೆ ಹತ್ತಿದ ಅಲರ್ಜಿ, ಡಾಕ್ಟರುಗಳು ಅನಾಫಿಲಾಕ್ಸಿಸ್ ಅನ್ನುತ್ತಾರೆ. ಅದಕ್ಕೆ ಮದ್ದು ತೊಡೆಯ ಹೊರಭಾಗಕ್ಕೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್, ಅದೂ ತಡ ಮಾಡದೆ. ಸೆಟ್ರಿಜಿನ್, ಏವಿಲ್ ತುರಿಕೆ ಇಳಿಸುತ್ತವೆ, ಕಟ್ಟಿದ ಗಂಟಲನ್ನು ಬಿಡಿಸುವುದಿಲ್ಲ. ಕಂಬಳಿಯಂತೂ ಏನೂ ಮಾಡುವುದಿಲ್ಲ. ನಿಮ್ಮ ಅತ್ತೆಯವರು ಪ್ರೀತಿಯಿಂದಲೇ ಹೊದಿಸಿದ್ದಾರೆ, ಆದರೆ ಇನ್ನೊಂದು ಸಲ ಅಷ್ಟು ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ, ಕಾಲು ಸ್ವಲ್ಪ ಮೇಲಿಟ್ಟು ಮಲಗಿ, ಉಸಿರಾಡೋಕೆ ಕಷ್ಟ ಆದರೆ ಕಾಲು ಚಾಚಿ ಕೂತಿರಿ, ಆದರೆ ಎದ್ದು ಓಡಾಡಬೇಡಿ. ಇಳಿಯಿತು ಅಂದುಕೊಂಡ ಮೇಲೆ ಕೆಲವು ಗಂಟೆ ಬಿಟ್ಟು ಎರಡನೇ ಸಲ ಏರುವುದೂ ಉಂಟು. ಅದಕ್ಕೇ ಅರ್ಧ ಗಂಟೆಗೆ ಮನೆಗೆ ಕಳಿಸಿದ್ದು ನನಗೆ ಸರಿ ಕಾಣಲಿಲ್ಲ. ಯಾವ ಇಂಜೆಕ್ಷನ್ ಕೊಟ್ಟರು ಅಂತ ಚೀಟಿ ಕೇಳಿ ತಂದಿಟ್ಟುಕೊಳ್ಳಿ, ಮುಂದೆ ನೋಡುವ ಡಾಕ್ಟರಿಗೆ ಬೇಕಾಗುತ್ತದೆ.

ಪೆನ್ನಿನ ಹಾಗೆ ಚುಚ್ಚಿಕೊಳ್ಳುವ ಅಡ್ರಿನಲಿನ್ ನಮ್ಮ ಕಡೆ ಮೆಡಿಕಲ್ ಶಾಪಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅಲರ್ಜಿ ನೋಡುವ ಡಾಕ್ಟರ ಹತ್ತಿರ ನೇರವಾಗಿ ಕೇಳಿ: ನನ್ನ ಬ್ಯಾಗಲ್ಲಿ ಏನಿರಬೇಕು, ಎಷ್ಟು, ಯಾರು ಹೇಗೆ ಕೊಡಬೇಕು. ಬರೆಸಿಕೊಳ್ಳಿ. ಯಜಮಾನರನ್ನೂ ಕರೆದುಕೊಂಡು ಹೋಗಿ, ಅವರೂ ಕಲಿಯಲಿ.

ಅಲ್ಲಿ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಇರುತ್ತದೆ, ಇಲ್ಲವೇ ರಕ್ತದಲ್ಲಿ ಐಜಿಇ, ಅಂದರೆ ಅಲರ್ಜಿ ಎಬ್ಬಿಸುವ ಪ್ರತಿಕಾಯ, ಎಷ್ಟಿದೆ ಅಂತ ನೋಡುತ್ತಾರೆ. ಚುಚ್ಚುವ ಪರೀಕ್ಷೆಗೆ ಕೆಲವು ದಿನ ಮುಂಚೆಯೇ ಸೆಟ್ರಿಜಿನ್ ನಿಲ್ಲಿಸಬೇಕು, ಎಷ್ಟು ದಿನ ಅಂತ ಮೊದಲೇ ಫೋನ್ ಮಾಡಿ ಕೇಳಿ. ನೂರಾರು ಪದಾರ್ಥಕ್ಕೆ ಐಜಿಜಿ ಅನ್ನೋ ಬೇರೊಂದು ಪ್ರತಿಕಾಯ ನೋಡುತ್ತೇವೆ ಅಂತ ದುಡ್ಡು ಕೇಳುವ ಪ್ಯಾಕೇಜಿಗೆ ಹೋಗಬೇಡಿ, ಅದರಿಂದ ಅಲರ್ಜಿ ಗೊತ್ತಾಗುವುದಿಲ್ಲ. ಗೋಡಂಬಿ ಆಗದವರಲ್ಲಿ ಬಹಳ ಜನಕ್ಕೆ ಪಿಸ್ತಾನೂ ಆಗುವುದಿಲ್ಲ, ಎರಡೂ ಒಂದೇ ಕುಲದವು. ಪರೀಕ್ಷೆ ಆಗುವವರೆಗೆ ಪಿಸ್ತಾ ಕುಲ್ಫಿಯನ್ನೂ ಮುಟ್ಟಬೇಡಿ. ಕಡ್ಲೆಬೀಜ ಬೇರೆ ಜಾತಿ, ಬೇಳೆಕಾಳಿನ ಕಡೆಯದು. ಇವತ್ತಿಗೂ ತೊಂದರೆಯಿಲ್ಲದೆ ತಿನ್ನುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಸುಮ್ನೆ ಎಲ್ಲವನ್ನೂ ಬಿಡಬೇಡಿ.

ಈಗ ಕೇಸರಿಬಾತಿಗೆ ಬರೋಣ. ಗೋಡಂಬಿ ಎತ್ತಿಟ್ಟಿರಿ, ಸರಿ. ಆದರೆ ಅದನ್ನು ಹುರಿದ ತುಪ್ಪವನ್ನೇ ಬಾತಿಗೆ ಸುರಿದಿರುತ್ತಾರೆ. ಪಾಯಸ, ಪೊಂಗಲ್, ಖಾರಾಬಾತ್, ಬಿಸಿಬೇಳೆಬಾತ್ ಎಲ್ಲದರದೂ ಅದೇ ಕಥೆ. ಸಾಗು, ಕುರ್ಮಾದಲ್ಲಿ ಗೋಡಂಬಿ ರುಬ್ಬಿ ಹಾಕಿದ್ದರೆ ಕಣ್ಣಿಗೂ ಕಾಣುವುದಿಲ್ಲ. ಬಡಿಸುವವರ ಕೈಲಿ ಒಂದೇ ಸೌಟು ನಾಲ್ಕು ಪಾತ್ರೆಗೆ ಓಡಾಡುತ್ತಿರುತ್ತದೆ.

ನಾನೇನು ಮಾಡುತ್ತೇನೆ ಅಂದರೆ, ಮೈಸೂರಲ್ಲಿ ಯಾರ ಮನೆಯ ಕಾರ್ಯವಾದರೂ ಹಿಂದಿನ ದಿನವೇ ಅಡುಗೆ ಭಟ್ಟರ ನಂಬರ್ ಇಸ್ಕೊಂಡು ಫೋನ್ ಮಾಡುತ್ತೇನೆ. "ಭಟ್ರೇ, ನನಗೆ ಕಡ್ಲೆಬೀಜ ಆಗಲ್ಲ, ಆಸ್ಪತ್ರೆ ಸೇರಬೇಕಾಗುತ್ತೆ. ಒಗ್ಗರಣೆ ಹಾಕೋಕೆ ಮುಂಚೆ ಒಂದು ಡಬ್ಬಿಗೆ ತೆಗೆದಿಡ್ತೀರಾ?" ಮೊದಲ ಸಲ ಹೀಗೆ ಕೇಳುವಾಗ ನಾಲಿಗೆ ಒಣಗಿತ್ತು. ಮಾರನೇ ದಿನ ಆ ಭಟ್ಟರು ತಮ್ಮ ಅಡುಗೆಮನೆಯಿಂದಲೇ ಮುಚ್ಚಳದ ಸ್ಟೀಲ್ ಡಬ್ಬಿ ತಂದು ನನ್ನ ಎಲೆ ಪಕ್ಕ ಇಟ್ಟು, "ನಮ್ಮ ಸೌಟು ಹಾಕಿಲ್ಲಮ್ಮ, ಚಮಚನೂ ಒಳಗೇ ಇದೆ" ಅಂದರು. ನನಗೆ ಕಣ್ಣು ತುಂಬಿ ಬಂತು. ಎಲ್ಲರೂ ಹೀಗಿರುವುದಿಲ್ಲ, "ಒಂದು ಚೂರು ತಿಂದರೆ ಏನಾಗಲ್ಲ" ಅನ್ನುವವರೇ ಜಾಸ್ತಿ. ಅವರಿಗೆ "ಇಷ್ಟ ಇಲ್ಲ" ಅನ್ನಬೇಡಿ, ಬಲವಂತ ಮಾಡುತ್ತಾರೆ. "ಉಸಿರು ಕಟ್ಟುತ್ತೆ, ಡಾಕ್ಟರು ಬೇಡ ಅಂದಿದ್ದಾರೆ" ಅನ್ನಿ. ಆಮೇಲೂ ಅನುಮಾನ ಉಳಿದರೆ ಬರೀ ಅನ್ನ, ಮೊಸರು, ಬಾಳೆಹಣ್ಣಿನಲ್ಲಿ ಊಟ ಮುಗಿಸಿ ಎದ್ದು ಬನ್ನಿ.

ಪ್ಯಾಕೆಟ್ ತಿಂಡಿ ಕೊಳ್ಳುವಾಗ ಹಿಂದೆ ಓದಿ. ಕಡ್ಲೆಬೀಜ, ಗೋಡಂಬಿ, ಬಾದಾಮಿ ಥರದ್ದು ಹಾಕಿದ್ದರೆ ಅಲರ್ಜಿ ಸೂಚನೆ ಅಂತ ಮುದ್ರಿಸಲೇಬೇಕು, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2020ರ ಲೇಬಲ್ ನಿಯಮದಲ್ಲಿ ಅದಿದೆ. ಬೇಕರಿಯಲ್ಲಿ ತೂಕ ಹಾಕಿ ಕೊಡುವುದಕ್ಕೆ ಲೇಬಲ್ಲೇ ಇರುವುದಿಲ್ಲ, ಅದನ್ನು ನಾನು ಪೂರ್ತಿ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಮ್ಮನಿಗೆ ಈಚೆಗೆ ಕಡ್ಲೆಬೀಜ ಆಗುತ್ತಿಲ್ಲ. ನಮ್ಮ ಮನೆಯಲ್ಲಿ ಗಾಣದ ಕಡ್ಲೆಕಾಯಿ ಎಣ್ಣೆಯೇ ಬಳಸುವುದು. ಸಂಕ್ರಾಂತಿಯ ಎಳ್ಳನ್ನೂ ಬಿಡಬೇಕಾ? (ಮೈಸೂರು)

ಉತ್ತರ: ಗಾಣದ ಎಣ್ಣೆ ಬೇಡ. ಅದರಲ್ಲಿ ಬೀಜದ ಪ್ರೊಟೀನ್ ಉಳಿದಿರುತ್ತದೆ, ಅಲರ್ಜಿ ಮಾಡುವುದು ಅದೇ. ಬೀಜ ಹುರಿದರೂ ಅದು ಹೋಗುವುದಿಲ್ಲ. ಅವನು ಮನೆಯಲ್ಲಿರುವವರೆಗೆ ಎಲ್ಲರ ಅಡುಗೆಗೂ ಸೂರ್ಯಕಾಂತಿ ಎಣ್ಣೆ ಇಟ್ಟುಕೊಳ್ಳುವುದು ಸುಲಭ, ಎರಡು ಬಾಣಲೆ ಇಟ್ಟರೆ ಒಂದಲ್ಲ ಒಂದು ದಿನ ಅದಲುಬದಲಾಗುತ್ತದೆ. ಎಳ್ಳು ಬೇರೆಯೇ ಅಲರ್ಜಿ, ಅದನ್ನೂ ಪರೀಕ್ಷೆ ಮಾಡಿಸಿ. ಎಳ್ಳು ಒಗ್ಗುತ್ತದೆ ಅಂತ ಗೊತ್ತಾದರೆ ಎಳ್ಳು, ಕೊಬ್ಬರಿ, ಬೆಲ್ಲದ ಚೂರು ಮಾತ್ರ ಮನೆಯಲ್ಲೇ ಬೆರೆಸಿ ಅವನಿಗೆ ಬೇರೆ ಡಬ್ಬಿಯಲ್ಲಿ ಕೊಡಿ. ಬೀರಲು ಬಂದವರ ಎಳ್ಳನ್ನು ಅವನ ಕೈಗೆ ಕೊಡದೆ ನೀವೇ ತೆಗೆದುಕೊಳ್ಳಿ.