ಭಾನುವಾರ ಹನ್ನೊಂದಕ್ಕೆ ಆರು ಜನ

ತಂಗಿ, ನೀನು ಬರೆದದ್ದು ಓದಿ ನಗು ಬಂತು. "ಅಕ್ಕಾ, ಟೊರಾಂಟೊಗೆ ಬಂದು ಮೂರೇ ತಿಂಗಳು. ಆಫೀಸಿನ ಆರು ಜನರನ್ನು ಭಾನುವಾರ ಹನ್ನೊಂದಕ್ಕೆ ಬ್ರಂಚ್‌ಗೆ ಕರೆದುಬಿಟ್ಟಿದ್ದೀನಿ. ಕೈಯಲ್ಲಿ ದುಡ್ಡಿಲ್ಲ, ಏನು ಮಾಡಲಿ?" ಅಂತ ಕೇಳಿದ್ದೀಯ. ಗವಿಮಠದ ಜಾತ್ರೆಯ ದಾಸೋಹ ನೋಡಿ ಬೆಳೆದ ಕೊಪ್ಪಳದ ಹುಡುಗಿ ಆರು ಜನಕ್ಕೆ ಹೆದರೋದಾ?

ಸಣ್ಣಪುಟ್ಟದ್ದು ಮೊದಲು ಹೇಳಿಬಿಡುತ್ತೇನೆ. ಹನ್ನೊಂದು ಅಂದರೆ ಹನ್ನೊಂದಕ್ಕೇ ಬಾಗಿಲು ಬಡಿಯುತ್ತಾರೆ, ನಮ್ಮ ಹಾಗೆ ಹನ್ನೆರಡೂವರೆಗಲ್ಲ. ಶೂ ಹೊರಗೇ ಬಿಡೋದು ಇಲ್ಲಿಯವರಿಗೂ ರೂಢಿ. ಕುರ್ಚಿ ಸಾಲದಿದ್ದರೆ ಜಮಖಾನೆ ಹಾಸು. ಯಾರಿಗಾದರೂ ಶೇಂಗಾ ಅಲರ್ಜಿ ಇದೆಯಾ ಅಂತ ಮಾತ್ರ ಇವತ್ತೇ ಕೇಳು. ನಮಗೆ ಇದು ವಿಚಿತ್ರ. ಶೇಂಗಾ ಇಲ್ಲದ ಅಡುಗೆ ನಮ್ಮ ಕಡೆ ಎಲ್ಲಿದೆ? ಆದರೆ ಕೆಲವರ ಜೀವಕ್ಕೇ ಕುತ್ತು ಬರುತ್ತದೆ. ಇದೆ ಅಂದರೆ ಆ ದಿನ ಶೇಂಗಾ ಡಬ್ಬಿ ತೆಗೆಯಲೇಬೇಡ, ಚಟ್ನಿಪುಡಿ, ಎಣ್ಣೆ ಏನೂ ಬೇಡ.

ನಾನು ಬಳ್ಳಾರಿಯಿಂದ ಬಂದದ್ದು 2007ರ ಜನವರಿಯಲ್ಲಿ. ಜೂನ್ ಹೊತ್ತಿಗೆ ನಾನೂ ನಿನ್ನ ಹಾಗೇ ಎಂಟು ಜನರನ್ನು ಕರೆದೆ. "ಏನಾದರೂ ತರಲಾ?" ಅಂತ ಒಬ್ಬೊಬ್ಬರೂ ಕೇಳಿದರು. "ಏನೂ ಬೇಡ, ನೀವು ಬನ್ನಿ ಸಾಕು" ಅಂದೆ. ಮನೆಗೆ ಬರೋರ ಕೈಲಿ ತರಿಸೋದಾ? ನಿನಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಹೋಟೆಲಿಂದ ಪನೀರ್, ಪುಲಾವ್, ಜಾಮೂನ್ ತರಿಸಿದೆ. ಬೇಕರಿಯಿಂದ ಎರಡಂತಸ್ತಿನ ಕೇಕು. ತಟ್ಟೆಗಳೂ ಹೊಸವು.

ಅದು ಊರಿಗೆ ಕಳಿಸಬೇಕಿದ್ದ ದುಡ್ಡು. ಅಪ್ಪನಿಗೆ ಫೋನ್ ಮಾಡಿ "ಈ ಸಲ ಸಂಬಳ ತಡ ಆಗಿದೆ" ಅಂದೆ. "ಆಗಲಿ ಬಿಡವ್ವ" ಅಂದರು. ಬಿತ್ತೋ ಹೊತ್ತು. ಆ ವರ್ಷ ಶೇಂಗಾ ಬೀಜ ಉದ್ರಿ ತಂದು ಬಿತ್ತಿದರು ಅಂತ ಎರಡು ವರ್ಷ ಆದಮೇಲೆ ಅಮ್ಮ ಮಾತಿನ ನಡುವೆ ಸುಮ್ನೆ ಅಂದಳು. ಇಲ್ಲಿ ಅರ್ಧ ಕೇಕು ನಾಲ್ಕು ದಿನ ಫ್ರಿಜ್‌ನಲ್ಲಿದ್ದು ಕಸಕ್ಕೆ ಹೋಗಿತ್ತು. ಅಪ್ಪ ಈಗಿಲ್ಲ. ಸಂಬಳ ತಡ ಆಗಿರಲಿಲ್ಲ ಅಂತ ನಾನು ಹೇಳಲೇ ಇಲ್ಲ.

ಅದಕ್ಕೇ, ಏನು ತರಲಿ ಅಂತ ಕೇಳಿದರೆ ಹೇಳು. ಒಬ್ಬರು ಹಣ್ಣು ತರಲಿ, ಒಬ್ಬರು ಜ್ಯೂಸ್, ಒಬ್ಬರು ಏನಾದರೂ ಸಿಹಿ. ಅವರಿಗೆ ಖುಷಿಯೇ.

ನೀನು ಮಂಡಕ್ಕಿ ಒಗ್ಗರಣೆ ಮಾಡು. ಇಂಡಿಯನ್ ಅಂಗಡಿಯಲ್ಲಿ ಮುರ್ಮುರಾ ಅಥವಾ ಮಮ್ರಾ ಅಂತ ಬರೆದಿರುತ್ತದೆ. 400 ಗ್ರಾಂ ಪ್ಯಾಕೆಟ್ ಆರು ಜನಕ್ಕೆ ಧಾರಾಳ. ನಾನು ತರೋದು ನಮ್ಮೂರ ಮಂಡಕ್ಕಿಯಷ್ಟು ಗಟ್ಟಿ ಇರಲ್ಲ, ನೆನೆಯಲು ಬಿಟ್ಟರೆ ಗಂಜಿಯೇ. ಜರಡಿಯಲ್ಲಿ ಹಾಕಿ ನಲ್ಲಿ ಕೆಳಗೆ ಒಮ್ಮೆ ಹಿಡಿ, ತಕ್ಷಣ ಹಿಂಡು. ಉಳ್ಳಾಗಡ್ಡಿ, ಟೊಮ್ಯಾಟೊ, ಅರಿಶಿನ ಎಲ್ಲ ನಿನಗೆ ಗೊತ್ತಿದ್ದದ್ದೇ. ಒಲೆ ಆರಿಸಿದ ಮೇಲೆ ಪುಟಾಣಿ ಹಿಟ್ಟು ಉದುರಿಸಿ ನಿಂಬೆಹಣ್ಣು ಹಿಂಡು. ಮೊದಲೇ ಹಾಕಿದರೆ ಹಿಟ್ಟು ಮುದ್ದೆಗಟ್ಟುತ್ತದೆ. ಖಾರ ಅರ್ಧಕ್ಕಿಳಿಸು, ನಮ್ಮ ಅರ್ಧ ಅವರಿಗೆ ಜಾಸ್ತಿಯೇ. ಹೊಸ ತಟ್ಟೆ ಕೊಳ್ಳಬೇಡ. ಬೇಕಿಂಗ್ ಪೇಪರಿನಲ್ಲಿ ಪೊಟ್ಟಣ ಸುತ್ತಿ, ಬಿಸಿಬಿಸಿ ತುಂಬಿ, ಮೇಲೊಂದು ಮಿರ್ಚಿ ಇಟ್ಟು ಕೈಗೆ ಕೊಡು. ಎಲ್ಲರೂ ಮೊದಲು ಅದರ ಫೋಟೊ ತೆಗೀತಾರೆ ನೋಡು.

ಮಿರ್ಚಿ ಕರಿಯುವಾಗ ಕಿಟಕಿ ತೆಗೆದಿಡು, ಹೊಗೆ ಅಲಾರಂ ಹೊಡ್ಕೊಂಡರೆ ಕಿವಿ ಹೋಗುತ್ತೆ. ಇಲ್ಲಿಯ ಬನಾನಾ ಪೆಪ್ಪರ್ ನಡೆಯುತ್ತದೆ. ಸೀಳಿ, ಒಳಗೆ ಅಜವಾನ, ಹುಣಸೆ, ಉಪ್ಪು ಸವರು. ನಮ್ಮೂರ ಬಂಡಿಯ ರುಚಿ ಬರುತ್ತಾ ಅಂತ ಕೇಳಬೇಡ. ಇಷ್ಟು ವರ್ಷದಿಂದ ಕರೀತಿದ್ದೀನಿ, ಬಂದಿಲ್ಲ.