ಸುಸ್ತಿಗೆ ಹಾಸಿಗೆಯೊಂದೇ ಮದ್ದಲ್ಲ

ಕ್ಯಾನ್ಸರ್ ರೋಗಿಗಳಿಗೆ ಕೀಮೋ (ಕ್ಯಾನ್ಸರ್ ಕೋಶ ಕೊಲ್ಲುವ ಔಷಧಿ) ಕೊಟ್ಟು ಅದೇ ದಿನ ಮನೆಗೆ ಕಳಿಸುವ ಡೇಕೇರ್ ವಾರ್ಡಿನ ನರ್ಸ್ ಒಬ್ಬರು ಬರೆದಿದ್ದಾರೆ: “ರೋಗಿಗಳಿಗೆ ದಿನಾ ಸ್ವಲ್ಪ ನಡೀರಿ ಅಂದರೆ ಮನೆಯವರು ನನ್ನ ಮೇಲೆ ರೇಗುತ್ತಾರೆ. ಹೇಳುವುದು ತಪ್ಪಾ? ನರ್ಸ್‌ಗಳಿಗೂ ವ್ಯಾಯಾಮ ಬೇಕು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಡ್ಯೂಟಿ ಪೂರ್ತಿ ಓಡಾಡುವವರಿಗೆ ಇನ್ನೆಂಥ ವ್ಯಾಯಾಮ?”

ತಪ್ಪಲ್ಲ ಸಿಸ್ಟರ್, ಹೇಳುತ್ತಲೇ ಇರಿ. ಮನೆಯವರು ರೇಗುವುದು ಭಯಕ್ಕೆ. ಆದರೆ ಕ್ಯಾನ್ಸರ್‌ನ ಸುಸ್ತು ಬರೀ ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ಮಲಗಿದಷ್ಟೂ ಸ್ನಾಯು ಕರಗುತ್ತದೆ, ಆಮೇಲೆ ಬಾತ್‌ರೂಮಿಗೆ ಹೋಗಿ ಬಂದರೂ ಏದುಸಿರು, ಮತ್ತೆ ಹಾಸಿಗೆ. ವಾರಕ್ಕೆ ಮೂರು ಸಲ ಅರ್ಧ ಗಂಟೆ ನಡಿಗೆಯಂಥ ವ್ಯಾಯಾಮ, ಎರಡು ಸಲ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿದರೆ ಸುಸ್ತು, ಆತಂಕ, ಖಿನ್ನತೆ ತಗ್ಗುತ್ತವೆ ಎಂದು ಹಲವು ದೇಶಗಳ ತಜ್ಞರು 2019ರಲ್ಲೇ ಹೇಳಿದ್ದಾರೆ.

2025ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಮುಗಿಸಿದ 889 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಆರೋಗ್ಯದ ಮಾಹಿತಿ ಪುಸ್ತಕ ಮಾತ್ರ. ಇನ್ನೊಂದಕ್ಕೆ ಅದರ ಜೊತೆ ಮೂರು ವರ್ಷ ವ್ಯಾಯಾಮ, ಬೆನ್ನಿಗೆ ನಿಂತು ಮಾಡಿಸುವ ತರಬೇತುದಾರರು. ಐದು ವರ್ಷದ ಹೊತ್ತಿಗೆ ಕ್ಯಾನ್ಸರ್ ಮತ್ತೆ ಕಾಣಿಸದೆ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ಸುಮಾರು 80%, ಪುಸ್ತಕದ ಗುಂಪಿನಲ್ಲಿ ಸುಮಾರು 74%. ಎಲ್ಲ ಕ್ಯಾನ್ಸರ್‌ಗೂ ಇದೇ ಲೆಕ್ಕ ಅನ್ನುವ ಹಾಗಿಲ್ಲ. ಆದರೂ ಪುಸ್ತಕ ಕೈಗೆ ಕೊಡುವುದಕ್ಕೂ ಒಬ್ಬರು ಜೊತೆಗಿದ್ದು “ಈ ವಾರ ನಡೆದಿರಾ?” ಎಂದು ಕೇಳುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ನಿಮ್ಮ ವಾರ್ಡಿನಲ್ಲಿ ಆ ಪ್ರಶ್ನೆ ಕೇಳುವವರು ನೀವು.

ಶುರುವಿಗೆ ಐದು ನಿಮಿಷ ಸಾಕು. ಕಾರಿಡಾರಿನ ಕೊನೆವರೆಗೆ ಹೋಗಿ ಬಂದರೂ ಆಯಿತು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೇಗಕ್ಕೆ ಅದೇ ಅಳತೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತರೆ ಅದೂ ತೊಡೆಗೆ ವ್ಯಾಯಾಮವೇ. ಜ್ವರ, ತಲೆಸುತ್ತು, ಎದೆನೋವು ಇದ್ದ ದಿನ ಬೇಡ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ತೀರಾ ಇಳಿದಿದ್ದರೆ, ಮೂಳೆಗೆ ಕಾಯಿಲೆ ಹರಡಿದ್ದರೆ ಮೊದಲು ಡಾಕ್ಟರನ್ನು ಕೇಳಲೇಬೇಕು. ರೇಗುವ ಮನೆಯವರಿಗೆ ಜೊತೆಯಲ್ಲಿ ನಡೆಯುವ ಕೆಲಸ ಕೊಡಿ. ಭಯವೂ ಕಮ್ಮಿಯಾಗುತ್ತದೆ.

ಇನ್ನು ನಿಮ್ಮ ವಿಷಯ. ವಾರ್ಡಿನ ಓಡಾಟ ಅಂದರೆ ಹತ್ತು ಹೆಜ್ಜೆ, ನಿಲ್ಲು, ಬಗ್ಗು, ರೋಗಿಯನ್ನು ಮಗ್ಗುಲಾಗಿಸು. ಕಾಲು ಸೋಲುತ್ತದೆ, ಸೊಂಟ ಹಿಡಿಯುತ್ತದೆ, ಆದರೆ ಒಂದೇ ಸಮನೆ ಬಿರುಸಾಗಿ ನಡೆದಾಗ ಹೃದಯಕ್ಕೆ ಸಿಗುವ ಕೆಲಸ ಸಿಗುವುದಿಲ್ಲ. ತಿಂಗಳುಗಟ್ಟಲೆ ನೋಡಿಕೊಂಡ ರೋಗಿಯ ಹೆಸರು ಒಂದು ಬೆಳಿಗ್ಗೆ ಪಟ್ಟಿಯಲ್ಲಿ ಇರುವುದಿಲ್ಲ. ಆ ಭಾರವನ್ನೂ ಹೊತ್ತುಕೊಂಡೇ ಮನೆಗೆ ಹೋಗುತ್ತೀರಿ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ, ಬೆನ್ನು–ಕಾಲಿಗೆ ಒಂದಿಷ್ಟು ವ್ಯಾಯಾಮ ಇದ್ದರೆ ನಿದ್ದೆಯೂ ಮನಸ್ಸೂ ಸುಧಾರಿಸುತ್ತವೆ. ಹತ್ತು ಹತ್ತು ನಿಮಿಷ ಮಾಡಿದರೂ ಲೆಕ್ಕಕ್ಕೆ ಸೇರುತ್ತದೆ. ನೈಟ್ ಡ್ಯೂಟಿ ಮುಗಿಸಿ ಬಂದ ದಿನ ಮಾತ್ರ ಸುಮ್ನೆ ಮಲಗಿಬಿಡಿ.

ಆದರೆ ಇದನ್ನೂ ನಿಮ್ಮ ತಲೆಗೇ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಸಿಬ್ಬಂದಿ ಕೊರತೆಗೆ ವ್ಯಾಯಾಮ ಪರಿಹಾರವಲ್ಲ. ಡ್ಯೂಟಿ ಸಮಯದಲ್ಲೇ ಇಪ್ಪತ್ತು ನಿಮಿಷ ಬಿಡುವು ಕೊಡುವುದು, ಬದಲಿಗೆ ಒಬ್ಬರನ್ನು ನಿಲ್ಲಿಸುವುದು ಆಸ್ಪತ್ರೆಯ ಕೆಲಸ. ನಾಲ್ಕೈದು ಜನ ಸೇರಿ ನಿಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಲಿಖಿತವಾಗಿ ಕೇಳಿ. ಏನಂದರು ಎಂದು ನಮಗೂ ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ