ಇಸಿಜಿ ಸರಿಯಿದೆ, ಎದೆ ಮಾತ್ರ ಬಿಗಿಯುತ್ತದೆ

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆ ಎಪಿಎಂಸಿಯ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮೆಕ್ಕೆಜೋಳದ ಆವಕ ಶುರುವಾದಾಗಿನಿಂದ ಎದೆ ಬಿಗಿದಂತಾಗುತ್ತದೆ, ಕತ್ತು–ಭುಜ ಹಿಡಿದುಕೊಂಡಿರುತ್ತವೆ, ಹುಳಿತೇಗು ಬೇರೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಮನೆಯಲ್ಲಿ ಸಣ್ಣಪುಟ್ಟದಕ್ಕೂ ರೇಗುತ್ತೇನೆ. ಇಸಿಜಿ, ಎಕೋ ಎರಡೂ ಸರಿಯಿವೆ. ‘ಏನೂ ಇಲ್ಲ, ಟೆನ್ಷನ್ ಅಷ್ಟೇ’ ಎಂದರು ಡಾಕ್ಟರು. ಹಾಗಾದರೆ ಇದು ನನ್ನ ಭ್ರಮೆಯೇ? ಎರಡು ದಿನ ಎಲ್ಲಾದರೂ ಹೋಗಿಬಂದರೆ ಸರಿಹೋಗುತ್ತದೆಯೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಖಂಡಿತ ಭ್ರಮೆಯಲ್ಲ. ‘ಏನೂ ಇಲ್ಲ’ ಎಂಬ ಮಾತಿಗೆ ‘ಹೃದಯದ ಕಾಯಿಲೆ ಕಾಣಿಸಲಿಲ್ಲ’ ಎಂಬಷ್ಟೇ ಅರ್ಥ. ನಿಮ್ಮ ನೋವು ನಿಜವಾದದ್ದು, ಅದು ದೇಹದಲ್ಲಿಯೇ ನಡೆಯುತ್ತಿದೆ.

ಎದುರಿನಿಂದ ಲಾರಿ ನುಗ್ಗಿ ಬಂದರೆ ಅಡ್ರಿನಲ್ ಗ್ರಂಥಿಗಳು ಮೊದಲು ಅಡ್ರಿನಲಿನ್, ಬೆನ್ನಿಗೇ ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸುರಿಸುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ಲಾರಿ ದಾಟಿದ ಮೇಲೆ ಎಲ್ಲವೂ ಇಳಿಯುತ್ತದೆ. ಆದರೆ ರೈತರಿಗೆ ಸಂಜೆಯೊಳಗೆ ಪಟ್ಟಿ ಹಣ ಕೊಡಬೇಕು, ಖರೀದಿದಾರರಿಂದ ಇನ್ನೂ ಬಂದಿಲ್ಲ ಎಂಬ ಚಿಂತೆ ದಾಟಿ ಹೋಗುವಂಥದ್ದಲ್ಲ. ದಿನವಿಡೀ ಬಿಗಿದೇ ಇರುವ ಪಕ್ಕೆಲುಬುಗಳ ನಡುವಿನ ಸ್ನಾಯುಗಳೇ ಎದೆ ಹಿಡಿದಂತೆ ಮಾಡುತ್ತವೆ. ನಡುರಾತ್ರಿ ತೀರಾ ಕಡಿಮೆಯಿರುವ ಕಾರ್ಟಿಸಾಲ್ ಬೆಳಗಿನ ಜಾವದತ್ತ ಏರತೊಡಗುತ್ತದೆ. ನಿದ್ದೆಯೂ ಆಗ ತೆಳುವಾಗಿರುತ್ತದೆ. ಚಿಂತೆಯಲ್ಲಿರುವವರು ಬಹಳಷ್ಟು ಮಂದಿ ಅದೇ ಹೊತ್ತಿಗೆ ಎದ್ದು ಕೂರುತ್ತಾರೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಮೆಟ್ಟಿಲು ಹತ್ತುವಾಗ, ನಡೆಯುವಾಗ ಎದೆನೋವು ಬಂದರೆ, ಬೆವರು ಕಿತ್ತುಕೊಂಡರೆ, ನೋವು ತೋಳಿಗೋ ದವಡೆಗೋ ಹರಿದರೆ, ಹಳೆಯ ಇಸಿಜಿಯನ್ನು ನಂಬಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

‘ಟೆನ್ಷನ್ ಮಾಡಿಕೊಳ್ಳಬೇಡಿ’ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮನಸ್ಸು ಅಪ್ಪಣೆಗೆ ಬಗ್ಗುವುದಿಲ್ಲ. ದೇಹ ಒಂದಿಷ್ಟು ಬಗ್ಗುತ್ತದೆ. ಆದ್ದರಿಂದ ದೇಹದಿಂದಲೇ ಶುರುಮಾಡಿ. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಡಿ. ಉಸಿರು ಒಳಗೆಳೆದಾಗ ಬಡಿತ ತುಸು ಚುರುಕಾಗುವುದು, ಹೊರಬಿಟ್ಟಾಗ ನಿಧಾನವಾಗುವುದು ಗಮನವಿಟ್ಟರೆ ಹಲವರಿಗೆ ತಿಳಿಯುತ್ತದೆ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ನರ ಹೃದಯಕ್ಕೆ ಕಡಿವಾಣ ಹಾಕುತ್ತದೆ. ಆದ್ದರಿಂದ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಎಳೆದುಕೊಂಡು, ಆರು ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡಿ. ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಐದು ನಿಮಿಷ ಸಾಕು. ಗಲ್ಲಾದ ಮುಂದೆ ಕುಳಿತೇ ಮಾಡಬಹುದು, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ತಲೆ ಸುತ್ತಿದರೆ ನಿಲ್ಲಿಸಿ, ಎಂದಿನಂತೆ ಉಸಿರಾಡಿ.

ಭುಜಕ್ಕೆ ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯರು ರೂಪಿಸಿದ ವಿಧಾನವಿದೆ. ಭುಜಗಳನ್ನು ಕಿವಿಯವರೆಗೆ ಎತ್ತಿ ಐದಾರು ಸೆಕೆಂಡ್ ಬಿಗಿಹಿಡಿದು, ಒಮ್ಮೆಲೇ ಸಡಿಲಬಿಡುವುದು. ಹೀಗೆಯೇ ಮುಷ್ಟಿ, ಹೊಟ್ಟೆ, ಕಾಲು. ಬಿಗಿ ಯಾವುದು, ಸಡಿಲ ಯಾವುದು ಎಂಬ ವ್ಯತ್ಯಾಸವನ್ನೇ ನಿಮ್ಮ ಸ್ನಾಯುಗಳು ಮರೆತಿವೆ, ಅದನ್ನು ನೆನಪಿಸಬೇಕು. ಈ ಕ್ಷಣ ನಿಮ್ಮ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿದೆಯೇ ನೋಡಿಕೊಳ್ಳಿ. ಸುಮ್ಮನಿರುವಾಗ ತಾಗಬಾರದು.

ಮುಂಜಾನೆ ಕುಂದವಾಡ ಕೆರೆಯ ಸುತ್ತ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ದರ–ಆವಕದ ಮಾತಾಡುವ ಜೊತೆಗಾರರಿಂದ ಆ ಅರ್ಧ ಗಂಟೆ ದೂರವಿರಿ, ಮೊಬೈಲ್ ಮನೆಯಲ್ಲೇ ಇರಲಿ. ಮಂಡಿಯಲ್ಲಿ ಬಂದವರಿಗೆಲ್ಲ ಚಹಾ ತರಿಸುವಾಗ ನೀವೂ ಕುಡಿಯುತ್ತಿರಬಹುದು. ಕುಡಿದ ಕೆಫೀನಿನ ಅರ್ಧದಷ್ಟು ಐದಾರು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ, ಹಾಗಾಗಿ ಮಧ್ಯಾಹ್ನ ಎರಡರ ಬಳಿಕ ಬೇಡ. ಮಂಡಕ್ಕಿ–ಮೆಣಸಿನಕಾಯಿಯನ್ನು ಸಂಜೆ ಆರರೊಳಗೆ ತಿನ್ನಿ. ಮಲಗುವ ಮುಂಚೆ ತಿಂದರೆ ಹುಳಿತೇಗು ಬಿಡುವುದಿಲ್ಲ.

ಮೂರಕ್ಕೆ ಎಚ್ಚರವಾದರೆ ಗಡಿಯಾರ ನೋಡಬೇಡಿ. ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ಕಣ್ಣೆಳೆದಾಗ ಮಲಗಿ. ಅಂಗಡಿ ಮುಚ್ಚುವ ಮೊದಲೇ ನಾಳೆಯ ಬಾಕಿ ಕೆಲಸಗಳನ್ನು ಚೀಟಿಯಲ್ಲಿ ಬರೆದಿಟ್ಟು ಬಂದರೆ, ತಲೆಯಲ್ಲಿ ಹೊತ್ತು ತರುವುದು ತಪ್ಪುತ್ತದೆ. ಮದ್ಯ ಬೇಗ ಮಲಗಿಸುತ್ತದೆ ನಿಜ, ರಾತ್ರಿಯ ದ್ವಿತೀಯಾರ್ಧವನ್ನು ಕೆಡಿಸುತ್ತದೆ. ಯಾರೋ ಕೊಟ್ಟ ನಿದ್ದೆ ಮಾತ್ರೆಯನ್ನಂತೂ ಮುಟ್ಟಲೇಬೇಡಿ, ಅದು ಚಟವಾಗುತ್ತದೆ.

ಎರಡು ದಿನ ಹೋಗಿಬನ್ನಿ, ಒಳ್ಳೆಯದೇ. ಆದರೆ ಆ ವಿಶ್ರಾಂತಿ ಇಡೀ ಹಂಗಾಮಿಗೆ ಒದಗುವುದಿಲ್ಲ; ನಡಿಗೆಯಲ್ಲದೆ ಉಸಿರು, ಸ್ನಾಯುಗಳ ಈ ಅಭ್ಯಾಸಕ್ಕೆ ದಿನವೂ ಹದಿನೈದು ನಿಮಿಷ ಬೇಕೇ ಬೇಕು.

ಎರಡು ವಾರ ಹೀಗೆ ಮಾಡಿಯೂ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿಯಿಲ್ಲದಂತಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬದುಕೇ ಬೇಡ ಎನಿಸಿದರೆ ಅಷ್ಟು ದಿನ ಕಾಯುವಂತಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು–ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋಗುವಾಗ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ನೀವು ಎಷ್ಟು ರೇಗುತ್ತೀರಿ, ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರೋ ಇಲ್ಲವೋ ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.